ಒಂದೇ ಅಂಕಿ, ಎರಡು ಅರ್ಥ: 1952ರ ಕೋಪನ್‌ಹೇಗನ್ ಮತ್ತು ರಕ್ತದ ಪಿಎಚ್ ಕಥೆ

ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡುವಾಗ ನಾವು ಪಿಎಚ್ ಮಾಪಕವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಲಿಂಬೆರಸ 2ರ ಆಸುಪಾಸು, ಶುದ್ಧ ನೀರು 7, ಸಾಬೂನಿನ ನೀರು 9 ಅಥವಾ 10. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಈ ಅಂಕಿಯನ್ನು ಅಳೆಯಬೇಕಾದ ಹೊತ್ತಿನಲ್ಲಿ ಅಳೆಯದೆ ಇದ್ದುದರಿಂದ ಒಂದು ಆಸ್ಪತ್ರೆಯ ವೈದ್ಯರು ರೋಗಿಗಳ ಸ್ಥಿತಿಯನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದರು ಎಂಬ ಸಂಗತಿ ಪಠ್ಯಪುಸ್ತಕದಲ್ಲಿ ಇಲ್ಲ. ಆ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ತೀವ್ರ ನಿಗಾ ಘಟಕದಲ್ಲಿ ಯಾರಾದರೂ ಇದ್ದಾಗ ಮನೆಯವರ ಕಿವಿಗೆ 'ಎಬಿಜಿ' ಎಂಬ ಮಾತು ಬೀಳುತ್ತದೆ. 2020-21ರ ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಅನೇಕರು ಈ ಪದವನ್ನು ಮೊದಲ ಸಲ ಕೇಳಿದರು. ಮಣಿಕಟ್ಟಿನ ಹತ್ತಿರದ ಅಪಧಮನಿಯಿಂದ ಸ್ವಲ್ಪ ರಕ್ತ ತೆಗೆದು, ಅದರ ಪಿಎಚ್, ಅದರಲ್ಲಿರುವ ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದು ನೋಡುವ ಪರೀಕ್ಷೆ ಅದು. ಇಂದು ಕೆಲವೇ ನಿಮಿಷಗಳಲ್ಲಿ ಯಂತ್ರ ಒಂದು ಚೀಟಿ ಮುದ್ರಿಸಿ ಕೊಡುತ್ತದೆ. ಆ ಚೀಟಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ.

ರಕ್ತಕ್ಕೂ ಪಿಎಚ್ ಇದೆ

ಆರೋಗ್ಯವಂತರ ಅಪಧಮನಿಯ ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರುತ್ತದೆ. ಅಂದರೆ ನಮ್ಮ ರಕ್ತ ಅತ್ಯಲ್ಪ ಕ್ಷಾರೀಯ. ಈ ಗೆರೆ ಬಹಳ ಕಿರಿದು. ಪಿಎಚ್ ಎಂಬುದು ಲಾಗರಿತಮ್ ಲೆಕ್ಕವಾದ್ದರಿಂದ 7.4ರಿಂದ 7.1ಕ್ಕೆ ಇಳಿಯಿತೆಂದರೆ 'ಬರೀ 0.3' ಎಂದು ತಿಳಿಯಬಾರದು. ಹೈಡ್ರೋಜನ್ ಅಯಾನುಗಳ ಸಾಂದ್ರತೆ ಅಷ್ಟರಲ್ಲಿ ಎರಡು ಪಟ್ಟಾಗಿರುತ್ತದೆ.

ಇದನ್ನು ಕಾಯುವ ಕೆಲಸ ಎರಡು ಅಂಗಗಳದ್ದು. ನಾವು ತಿಂದ ಅನ್ನ ಉರಿದು ಶಕ್ತಿಯಾಗುವಾಗ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗಿದರೆ ಕಾರ್ಬಾನಿಕ್ ಆಮ್ಲ. ಗೋಲಿ ಸೋಡಾದಲ್ಲಿ ಇರುವುದೂ ಇದೇ. ಶ್ವಾಸಕೋಶ ಉಸಿರಿನ ಮೂಲಕ ಅದನ್ನು ಕ್ಷಣಕ್ಷಣವೂ ಹೊರಹಾಕುತ್ತದೆ. ಇನ್ನೊಂದು ಕಡೆ ಮೂತ್ರಪಿಂಡಗಳು ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಉಳಿಸಿಕೊಂಡು ಬೇರೆ ಆಮ್ಲಗಳನ್ನು ಮೂತ್ರದಲ್ಲಿ ಕಳಿಸುತ್ತವೆ. ಶ್ವಾಸಕೋಶದ ಕೆಲಸ ನಿಮಿಷಗಳಲ್ಲಿ ಆಗುತ್ತದೆ, ಮೂತ್ರಪಿಂಡದ ಕೆಲಸಕ್ಕೆ ದಿನಗಳು ಬೇಕು. ರಕ್ತದಲ್ಲಿ ಬೈಕಾರ್ಬೊನೇಟ್ ಮತ್ತು ಕರಗಿದ ಕಾರ್ಬನ್ ಡೈಆಕ್ಸೈಡ್ 20ಕ್ಕೆ 1ರ ಅನುಪಾತದಲ್ಲಿ ಇದ್ದರೆ ಪಿಎಚ್ 7.4. ತಕ್ಕಡಿಯ ಎರಡು ತಟ್ಟೆಗಳು ಎಂದು ಮಕ್ಕಳಿಗೆ ಹೇಳಬಹುದು. ಒಂದೇ ತಟ್ಟೆಯನ್ನು ನೋಡಿ ತಕ್ಕಡಿ ಎತ್ತ ವಾಲಿದೆ ಎಂದು ಹೇಳಲಾಗದು. ನಮ್ಮ ಕಥೆಯ ಸಾರವೆಲ್ಲ ಈ ಮಾತಿನಲ್ಲಿದೆ.

ಕಾಲರಾ ಕಲಿಸಿದ ಮೊದಲ ಪಾಠ

1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂತು. ವಿಲಿಯಂ ಓಶಾಗ್ನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿದ. ರಕ್ತದಲ್ಲಿ ನೀರು ಕಡಿಮೆ, ಉಪ್ಪು ಕಡಿಮೆ, ಜೊತೆಗೆ ಕ್ಷಾರವೂ ಕಡಿಮೆ ಎಂದು ಕಂಡುಕೊಂಡ. ಭೇದಿಯಲ್ಲಿ ನೀರಿನ ಜೊತೆಗೆ ಬೈಕಾರ್ಬೊನೇಟ್ ಹರಿದುಹೋಗುತ್ತದೆ ಎಂದು ಇಂದು ನಮಗೆ ಗೊತ್ತು. ಹೋದುದನ್ನು ಮರಳಿ ತುಂಬಬೇಕು ಎಂಬ ಅವನ ವಿಚಾರವನ್ನು ಓದಿ ಮುಂದಿನ ವರ್ಷವೇ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಾಟಾ ಎಂಬ ವೈದ್ಯ ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟ. ಇಂದಿನ 'ಡ್ರಿಪ್' ಹುಟ್ಟಿದ್ದು ಹೀಗೆ.

ಓಶಾಗ್ನೆಸಿ 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಗೆ ಸೇರಿ ಭಾರತಕ್ಕೆ ಬಂದ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. ಮುಂದೆ ನಮ್ಮ ದೇಶದಲ್ಲಿ ಟೆಲಿಗ್ರಾಫ್ ತಂತಿಗಳನ್ನು ಹಾಕಿಸಿದವನೂ ಇವನೇ. ಅವನ ಕಾಲರಾ ವಿಚಾರ ಮಾತ್ರ ಬಹುಕಾಲ ಮೂಲೆಗೆ ಬಿದ್ದಿತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ನೀರಿಗೆ ಗ್ಲೂಕೋಸ್ ಮತ್ತು ಉಪ್ಪಿನ ಜೊತೆಗೆ ಅಡುಗೆ ಸೋಡಾವನ್ನೂ ಬೆರೆಸಿ ಕಾಲರಾ ರೋಗಿಗಳಿಗೆ ಕುಡಿಸಿದರು. ಆ ಸೋಡಾ ಯಾಕೆ? ಕಳೆದುಹೋದ ಕ್ಷಾರವನ್ನು ತುಂಬಲು. ಇಂದಿನ ಓಆರ್‌ಎಸ್ ಪೊಟ್ಟಣದಲ್ಲಿ ಸೋಡಾದ ಬದಲು ಸಿಟ್ರೇಟ್ ಇದೆ. ಉದ್ದೇಶ ಒಂದೇ.

ಬಿಯರ್ ತಯಾರಕರ ಪ್ರಯೋಗಶಾಲೆಯಲ್ಲಿ ಪಿಎಚ್

ರಕ್ತ ಎಷ್ಟು ಆಮ್ಲೀಯ ಎಂದು ಹೇಳಬೇಕಾದರೆ ಒಂದು ಅಳತೆಗೋಲು ಬೇಕಲ್ಲವೇ? ಅದು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪೆನಿಯ ಒಡೆಯರು ನಡೆಸುತ್ತಿದ್ದ ಪ್ರಯೋಗಶಾಲೆಯೊಂದಿತ್ತು. ಅಲ್ಲಿ ಸೋರೆನ್ಸೆನ್ ಎಂಬ ವಿಜ್ಞಾನಿ ಕಿಣ್ವಗಳ ಬಗ್ಗೆ ಕೆಲಸ ಮಾಡುತ್ತಿದ್ದ. ಆಮ್ಲತೆ ತುಸು ಬದಲಾದರೂ ಕಿಣ್ವಗಳ ವೇಗ ಬದಲಾಗುತ್ತದೆ. ಹೈಡ್ರೋಜನ್ ಅಯಾನುಗಳ ಲೆಕ್ಕವನ್ನು ಸೊನ್ನೆಗಳ ಸಾಲಿನಲ್ಲಿ ಬರೆಯುವ ತೊಂದರೆ ತಪ್ಪಿಸಲು ಅವನು 1909ರಲ್ಲಿ ಪಿಎಚ್ ಮಾಪಕವನ್ನು ಮುಂದಿಟ್ಟ.

ಅದಕ್ಕಿಂತ ಒಂದು ವರ್ಷ ಮುಂಚೆ, 1908ರಲ್ಲಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಲಾರೆನ್ಸ್ ಹೆಂಡರ್ಸನ್ ಬೈಕಾರ್ಬೊನೇಟ್ ಮತ್ತು ಕಾರ್ಬಾನಿಕ್ ಆಮ್ಲದ ಸಂಬಂಧವನ್ನು ಸಮೀಕರಣವಾಗಿ ಬರೆದಿದ್ದ. 1916ರಲ್ಲಿ ಡೆನ್ಮಾರ್ಕಿನ ಹ್ಯಾಸೆಲ್‌ಬಾಲ್ಕ್ ಅದನ್ನು ಪಿಎಚ್ ಭಾಷೆಗೆ ತಂದ. ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣ ಎಂದು ಪಿಯುಸಿ ಓದಿದವರು ಕೇಳಿರುತ್ತೀರಿ. ಪಿಎಚ್, ಬೈಕಾರ್ಬೊನೇಟ್, ಕಾರ್ಬನ್ ಡೈಆಕ್ಸೈಡ್ ಈ ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದನ್ನು ಲೆಕ್ಕ ಹಾಕಬಹುದು. ಒಂದೇ ಗೊತ್ತಿದ್ದರೆ ಆಗದು.

ಅಂದರೆ ಬೇಕಾದ ಸಿದ್ಧಾಂತವೆಲ್ಲ 1916ರ ಹೊತ್ತಿಗೆ ಸಿದ್ಧವಿತ್ತು, ಅದೂ ಹೆಚ್ಚಿನ ಭಾಗ ಡೆನ್ಮಾರ್ಕಿನಲ್ಲಿ. ಆದರೆ ರಕ್ತದ ಪಿಎಚ್ ಅಳೆಯುವುದು ನಾಜೂಕಿನ ಕೆಲಸ. ರಕ್ತಕ್ಕೆ ಗಾಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಅಳತೆ ಕೆಡುತ್ತದೆ. ಹಾಗಾಗಿ ಆಸ್ಪತ್ರೆಗಳಲ್ಲಿ ರಕ್ತದ ಒಟ್ಟು ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದಷ್ಟೇ ನೋಡುತ್ತಿದ್ದರು. ಅದರ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲೇ ಇರುವುದರಿಂದ, ಆ ಅಂಕಿ ಹೆಚ್ಚಿದ್ದರೆ ರಕ್ತದಲ್ಲಿ ಕ್ಷಾರ ಹೆಚ್ಚಾಗಿದೆ ಎಂದು ಓದುವುದು ರೂಢಿಯಾಗಿತ್ತು.

1952ರ ಆ ಬೇಸಿಗೆ

1952ರ ಜುಲೈಯಲ್ಲಿ ಕೋಪನ್‌ಹೇಗನ್‌ಗೆ ಪೋಲಿಯೋ ನುಗ್ಗಿತು. ಸಾಂಕ್ರಾಮಿಕ ರೋಗಗಳಿಗೆ ಮೀಸಲಾಗಿದ್ದ ಬ್ಲೆಗ್ಡಮ್ ಆಸ್ಪತ್ರೆಗೆ ಡಿಸೆಂಬರ್ ಆರಂಭದವರೆಗೆ ಸುಮಾರು 2,700 ಪೋಲಿಯೋ ರೋಗಿಗಳು ದಾಖಲಾದರು. ಕೆಲವು ದಿನ 50 ಮಂದಿ ಬಂದದ್ದೂ ಉಂಟು. ಅವರಲ್ಲಿ 300ಕ್ಕೂ ಹೆಚ್ಚು ಮಂದಿಗೆ ಉಸಿರಾಟದ ಸ್ನಾಯುಗಳೋ ನುಂಗುವ ಸ್ನಾಯುಗಳೋ ಸೋತಿದ್ದವು. ಅನೇಕರು ಮಕ್ಕಳು.

ಇಷ್ಟು ಮಂದಿಗೆ ಆಸ್ಪತ್ರೆಯಲ್ಲಿ ಇದ್ದದ್ದು ಒಂದು 'ಕಬ್ಬಿಣದ ಶ್ವಾಸಕೋಶ' ಮತ್ತು ಎದೆಗೆ ಕಟ್ಟುವ ಆರು ಕವಚ ಯಂತ್ರಗಳು. ಮೊದಲ ಕೆಲವು ವಾರಗಳಲ್ಲಿ ಉಸಿರಾಟದ ತೊಂದರೆಯಿಂದ ಈ ಯಂತ್ರಗಳ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಮುಖ್ಯ ವೈದ್ಯರಾಗಿದ್ದ ಲಾಸೆನ್ ಅವರಿಗೆ ದಿಕ್ಕು ತೋಚಲಿಲ್ಲ.

ಸಾಯುವ ಮುನ್ನ ರೋಗಿಗಳು ಬೆವರುತ್ತಿದ್ದರು, ರಕ್ತದೊತ್ತಡ ಏರುತ್ತಿತ್ತು, ಪ್ರಜ್ಞೆ ತಪ್ಪುತ್ತಿತ್ತು. ಆಕ್ಸಿಜನ್ ಕೊಡುತ್ತಿದ್ದುದರಿಂದ ಮೈ ನೀಲಿಗಟ್ಟುತ್ತಿರಲಿಲ್ಲ. ಆದ್ದರಿಂದ ಉಸಿರಾಟ ಸಾಕಷ್ಟು ನಡೆಯುತ್ತಿದೆ ಎಂದೇ ಎಣಿಸಿದ್ದರು. ರಕ್ತ ಪರೀಕ್ಷೆಯಲ್ಲಿ ಒಟ್ಟು ಕಾರ್ಬನ್ ಡೈಆಕ್ಸೈಡ್ ಬಹಳ ಹೆಚ್ಚು ಬರುತ್ತಿತ್ತು. ರೂಢಿಯಂತೆ ಓದಿದರೆ ರಕ್ತ ಕ್ಷಾರೀಯವಾಗಿದೆ, ಕಾರಣ ಗೊತ್ತಿಲ್ಲದ ಯಾವುದೋ ಆಲ್ಕಲೋಸಿಸ್ ಎಂದಾಗುತ್ತದೆ. ಪೋಲಿಯೋ ವೈರಸ್ ಮೆದುಳಿಗೇ ಏರಿ ಕೊಲ್ಲುತ್ತಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂಬ ಅಭಿಪ್ರಾಯ ಬಲವಾಗಿತ್ತು.

ಅರಿವಳಿಕೆ ವೈದ್ಯನ ಪ್ರಶ್ನೆ

ಬ್ಯೋರ್ನೆಬೋ ಎಂಬ ಕಿರಿಯ ಸಹೋದ್ಯೋಗಿಯ ಸಲಹೆಯಂತೆ ಲಾಸೆನ್ ಆಗಸ್ಟ್ 25ರಂದು ಬ್ಯೋರ್ನ್ ಇಬ್ಸೆನ್ ಎಂಬವರನ್ನು ಕರೆಸಿದರು. ಇಬ್ಸೆನ್ ಅವರದು ಅರಿವಳಿಕೆಯ ಕೆಲಸ. ಶಸ್ತ್ರಚಿಕಿತ್ಸೆಯ ಕೋಣೆ ಬಿಟ್ಟು ಈ ವೈದ್ಯರಿಗೆ ಬೇರೆ ಕೆಲಸ ಇರಬಹುದು ಎಂದು ಆ ಕಾಲದಲ್ಲಿ ಯಾರೂ ಭಾವಿಸಿರಲಿಲ್ಲ.

ಇಬ್ಸೆನ್ ತೀರಿಹೋದ ರೋಗಿಗಳ ಶವಪರೀಕ್ಷೆಯನ್ನು ನೋಡಿದರು. ಶ್ವಾಸಕೋಶಗಳು ಅಷ್ಟೇನೂ ಹಾಳಾಗಿರಲಿಲ್ಲ. ಹಾಗಿದ್ದರೆ ಗಾಳಿ ಒಳಹೊರಗೆ ಹೋಗದೆ ಇದ್ದದ್ದೇ ತೊಂದರೆ ಇರಬಾರದೇಕೆ? ಬೆವರು, ಏರುವ ರಕ್ತದೊತ್ತಡ, ಇವೆಲ್ಲ ಅವರಿಗೆ ಪರಿಚಿತ ಚಿಹ್ನೆಗಳು. ಅರಿವಳಿಕೆ ಕೊಟ್ಟ ರೋಗಿಯ ಉಸಿರಾಟ ಸಾಲದೆ ಹೋದಾಗ ಹೀಗೇ ಆಗುತ್ತದೆ. ಅವರ ವಾದ ಇಷ್ಟು: ರಕ್ತದಲ್ಲಿ ಕಾಣುತ್ತಿರುವುದು ಕ್ಷಾರದ ಹೆಚ್ಚಳವಲ್ಲ. ಹೊರಹೋಗದೆ ಉಳಿದ ಕಾರ್ಬನ್ ಡೈಆಕ್ಸೈಡ್ ಅದು. ಅದರ ಹಿಂದೆಯೇ ಬೈಕಾರ್ಬೊನೇಟ್ ಕೂಡ ಏರಿದೆ. ರಕ್ತ ಆಮ್ಲೀಯವಾಗಿದೆ.

ಆಗಸ್ಟ್ 27ರಂದು ಅವರಿಗೆ ಒಬ್ಬ ರೋಗಿಯನ್ನು ಒಪ್ಪಿಸಿದರು. 12 ವರ್ಷದ ಹುಡುಗಿ, ಕೈಕಾಲು ಆಡುತ್ತಿರಲಿಲ್ಲ, ಕೊನೆಯುಸಿರಿನ ಸ್ಥಿತಿ. ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ನಳಿಕೆ ಇಟ್ಟರು. ಹುಡುಗಿ ಒದ್ದಾಡಿದಳು, ಶ್ವಾಸನಾಳಗಳು ಬಿಗಿದುಕೊಂಡವು, ಗಾಳಿ ಒಳಹೋಗಲಿಲ್ಲ. ನೋಡುತ್ತಿದ್ದ ಕೆಲವರು ಇನ್ನು ಮುಗಿಯಿತೆಂದು ಕೋಣೆಯಿಂದ ಹೊರನಡೆದರು ಎನ್ನುತ್ತಾರೆ. ಇಬ್ಸೆನ್ ಪೆಂಟೋಥಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟರು. ಒದ್ದಾಟ ನಿಂತಿತು. ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಆಕ್ಸಿಜನ್ ತುಂಬಿದರು. ಕೆಲ ಹೊತ್ತಿನಲ್ಲಿ ಹುಡುಗಿ ಚೇತರಿಸಿಕೊಂಡಳು.

ಆಮೇಲೆ ಅವರು ಮಾಡಿದ್ದು ಒಳ್ಳೆಯ ವಿಜ್ಞಾನ ಶಿಕ್ಷಕರು ಮಾಡುವಂಥ ಪ್ರಯೋಗ. ಚೀಲ ಬಿಟ್ಟು ಎದೆಯ ಕವಚ ಯಂತ್ರಕ್ಕೆ ಹಾಕಿದರೆ ಅವಳ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತು, ಬೆವರು ಬಂತು, ರಕ್ತದೊತ್ತಡ ಏರಿತು. ಮತ್ತೆ ಕೈಯಿಂದ ಚೀಲ ಒತ್ತಿದರೆ ಎಲ್ಲವೂ ಇಳಿಯಿತು. ಔಷಧಿ ಬದಲಾಗಿಲ್ಲ, ರೋಗ ಬದಲಾಗಿಲ್ಲ, ಉಸಿರು ಮಾತ್ರ ಬದಲಾಗಿತ್ತು. ಆ ಹುಡುಗಿ ಬದುಕಿದಳು.

ವಿದ್ಯಾರ್ಥಿಗಳ ಕೈಗಳು

ದಾರಿ ಸಿಕ್ಕಿತು. ಆದರೆ ಇದಕ್ಕೆ ಯಂತ್ರ ಇರಲಿಲ್ಲ. ಪ್ರತಿ ರೋಗಿಯ ಪಕ್ಕದಲ್ಲಿ ಹಗಲು ರಾತ್ರಿ ಯಾರಾದರೂ ಕೂತು ಚೀಲ ಒತ್ತುತ್ತಲೇ ಇರಬೇಕು. ಈ ಕೆಲಸಕ್ಕೆ ಬಂದವರು ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು. ಒಟ್ಟು ಸುಮಾರು 1,500 ಮಂದಿ ಪಾಳಿಯ ಮೇಲೆ ಬಂದು 1,65,000 ಗಂಟೆಗಳಷ್ಟು ಕಾಲ ಚೀಲ ಒತ್ತಿದರು ಎಂದು ಲೆಕ್ಕವಿದೆ. ಒಬ್ಬನೇ ನಿದ್ದೆಯಿಲ್ಲದೆ ಮಾಡಿದ್ದರೆ ಸುಮಾರು 19 ವರ್ಷ ಬೇಕಾಗುತ್ತಿತ್ತು. ಒಂದು ಹಂತದಲ್ಲಿ 70 ಮಂದಿ ರೋಗಿಗಳು ಏಕಕಾಲಕ್ಕೆ ಹೀಗೆ ಇತರರ ಕೈಯಿಂದ ಉಸಿರಾಡುತ್ತಿದ್ದರು.

ಕೂತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಮಲಗಿದವರಲ್ಲಿ ಅನೇಕರು ಪುಟ್ಟ ಮಕ್ಕಳು. ಕೈ ನಿಂತರೆ ಆ ಮಗುವಿನ ಉಸಿರು ನಿಲ್ಲುತ್ತದೆ ಎಂದು ತಿಳಿದೇ ಕೂರಬೇಕು. ಎಲ್ಲರೂ ಉಳಿಯಲಿಲ್ಲ, ತಮ್ಮ ಪಾಳಿಯಲ್ಲೇ ರೋಗಿ ತೀರಿಹೋದುದನ್ನು ಕಂಡ ವಿದ್ಯಾರ್ಥಿಗಳೂ ಇದ್ದರು. ಆದರೂ ನೂರಕ್ಕೆ 87 ಇದ್ದ ಸಾವಿನ ಪ್ರಮಾಣ ಅರ್ಧಕ್ಕಿಂತಲೂ ಕೆಳಗೆ ಬಂತು. ವಿದ್ಯಾರ್ಥಿ ಎಂದರೆ ಪರೀಕ್ಷೆ ಬರೆಯುವವನು ಎಂದಷ್ಟೇ ತಿಳಿದಿರುವ ನಮಗೆ ಈ ಭಾಗ ಮತ್ತೆ ಮತ್ತೆ ಓದಬೇಕು ಅನ್ನಿಸುತ್ತದೆ.

1953ರ ಡಿಸೆಂಬರ್‌ನಲ್ಲಿ ಇಬ್ಸೆನ್ ಕೋಪನ್‌ಹೇಗನ್‌ನ ಕೊಮ್ಯೂನ್ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆದರು. ಇಂದಿನ ಐಸಿಯುಗಳ ಮೂಲ ಅದು ಎಂದು ಹೇಳುವುದು ವಾಡಿಕೆ.

ಅಳತೆ ಮಂಚದ ಬಳಿಗೆ ಬಂತು

ಇಬ್ಸೆನ್ ಮಾತು ನಿಜವೆಂದು ಅಂಕಿಯಲ್ಲಿ ತೋರಿಸಿದವರು ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರಪ್. ಡೆನ್ಮಾರ್ಕಿನ ರೇಡಿಯೋಮೀಟರ್ ಕಂಪೆನಿಯ ಪಿಎಚ್ ಮೀಟರಿನಿಂದ ರೋಗಿಗಳ ರಕ್ತ ಅಳೆದಾಗ ಪಿಎಚ್ ಕೆಳಗಿತ್ತು. ಅಂದರೆ ರಕ್ತ ಆಮ್ಲೀಯ. ಅಲ್ಲಿಗೆ ಆಲ್ಕಲೋಸಿಸ್ ಎಂಬ ವಾದ ಮುಗಿಯಿತು.

ಆದರೆ ಕಾರ್ಬನ್ ಡೈಆಕ್ಸೈಡ್‌ನ ಒತ್ತಡವನ್ನು ನೇರವಾಗಿ ಅಳೆಯುವ ಸಾಧನ ಆಗ ಇರಲಿಲ್ಲ. ಆಸ್ಟ್ರಪ್ ಒಂದು ಉಪಾಯ ಮಾಡಿದರು. ರೋಗಿಯ ರಕ್ತವನ್ನು ಭಾಗ ಮಾಡಿ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಗೊತ್ತಿರುವ ಎರಡು ಬೇರೆ ಬೇರೆ ಅನಿಲಗಳ ಜೊತೆ ಬೆರೆಸಿ ಪಿಎಚ್ ಅಳೆದರು. ಗ್ರಾಫ್ ಹಾಳೆಯಲ್ಲಿ ಎರಡು ಚುಕ್ಕೆ, ನಡುವೆ ಒಂದು ಸರಳರೇಖೆ. ರೋಗಿಯ ನಿಜವಾದ ಪಿಎಚ್ ಆ ರೇಖೆಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಅವನ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ಓದಬಹುದು. ನಮ್ಮ ಮಕ್ಕಳು ಗಣಿತದಲ್ಲಿ ಎಳೆಯುವ ರೇಖೆಯೇ ಇದು.

ಅಮೆರಿಕದಲ್ಲಿ 1954ರಲ್ಲಿ ರಿಚರ್ಡ್ ಸ್ಟೋ ಕಾರ್ಬನ್ ಡೈಆಕ್ಸೈಡ್ ಅಳೆಯುವ ಎಲೆಕ್ಟ್ರೋಡಿನ ಕಲ್ಪನೆ ಕೊಟ್ಟರು, ಜಾನ್ ಸೆವೆರಿಂಗ್‌ಹೌಸ್ ಅದನ್ನು ಕೆಲಸಕ್ಕೆ ಬರುವಂತೆ ಮಾಡಿದರು. 1956ರಲ್ಲಿ ಲೇಲ್ಯಾಂಡ್ ಕ್ಲಾರ್ಕ್ ಆಕ್ಸಿಜನ್ ಎಲೆಕ್ಟ್ರೋಡನ್ನು ಪ್ರಕಟಿಸಿದರು. ಪಿಎಚ್ ಜೊತೆಗೆ ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿದವರು ಸೆವೆರಿಂಗ್‌ಹೌಸ್. 1973ರಲ್ಲಿ ರೇಡಿಯೋಮೀಟರ್ ಕಂಪೆನಿ ಸ್ವಯಂಚಾಲಿತ ಯಂತ್ರವನ್ನು ಮಾರುಕಟ್ಟೆಗೆ ತಂದಿತು.

ಚೀಟಿಯನ್ನು ಓದುವ ಕ್ರಮ

ಈ ಚರಿತ್ರೆ ಗೊತ್ತಿದ್ದರೆ ಇಂದು ವೈದ್ಯರು ವರದಿ ಓದುವ ಕ್ರಮ ಯಾಕೆ ಹಾಗಿದೆ ಎಂದು ತಾನಾಗಿ ತಿಳಿಯುತ್ತದೆ.

ಮೊದಲು ಪಿಎಚ್. 7.35ಕ್ಕಿಂತ ಕೆಳಗಿದ್ದರೆ ಆಮ್ಲದ ಕಡೆ, 7.45ಕ್ಕಿಂತ ಮೇಲಿದ್ದರೆ ಕ್ಷಾರದ ಕಡೆ.

ಎರಡನೆಯದು ಕಾರ್ಬನ್ ಡೈಆಕ್ಸೈಡ್ ಒತ್ತಡ. ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ. ಇದು ಶ್ವಾಸಕೋಶದ ತಟ್ಟೆ.

ಮೂರನೆಯದು ಬೈಕಾರ್ಬೊನೇಟ್. ಲೀಟರಿಗೆ 22ರಿಂದ 26 ಮಿಲಿಮೋಲ್. ಇದು ಮೂತ್ರಪಿಂಡದ ತಟ್ಟೆ.

ಪಿಎಚ್ ವಾಲಿದ ದಿಕ್ಕಿಗೆ ಯಾವ ತಟ್ಟೆ ಕಾರಣ ಎಂದು ಹುಡುಕಬೇಕು. ಮತ್ತೊಂದು ತಟ್ಟೆ ಸಾಮಾನ್ಯವಾಗಿ ಸರಿದೂಗಿಸಲು ಯತ್ನಿಸುತ್ತಿರುತ್ತದೆ.

ಒಂದು ಉದಾಹರಣೆ. ಇಬ್ಬರು ರೋಗಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರದೂ ಬೈಕಾರ್ಬೊನೇಟ್ 34, ಅಂದರೆ ಹೆಚ್ಚು. ಮೊದಲನೆಯವರ ಪಿಎಚ್ 7.20, ಕಾರ್ಬನ್ ಡೈಆಕ್ಸೈಡ್ 90. ಎರಡನೆಯವರ ಪಿಎಚ್ 7.48, ಕಾರ್ಬನ್ ಡೈಆಕ್ಸೈಡ್ 47. ಮೊದಲನೆಯವರಿಗೆ ಉಸಿರು ಸಾಲದೆ ಅಸಿಡೋಸಿಸ್ ಆಗಿದೆ, ಕೋಪನ್‌ಹೇಗನ್ ಮಕ್ಕಳ ಹಾಗೆ. ಅವರಿಗೆ ಉಸಿರಾಟದ ನೆರವು ತಕ್ಷಣ ಬೇಕು. ಎರಡನೆಯವರಿಗೆ ಬಹುಶಃ ತುಂಬ ವಾಂತಿಯಾಗಿ ಹೊಟ್ಟೆಯ ಆಮ್ಲ ಹೊರಹೋಗಿ ಆಲ್ಕಲೋಸಿಸ್ ಆಗಿದೆ. ಅವರಿಗೆ ಬೇಕಾದುದು ನೀರು ಮತ್ತು ಲವಣ. 34 ಎಂಬ ಅಂಕಿ ಇಬ್ಬರಲ್ಲೂ ಒಂದೇ. ಅದೊಂದನ್ನೇ ನೋಡಿದವರಿಗೆ ಇವರಿಬ್ಬರ ನಡುವೆ ವ್ಯತ್ಯಾಸ ಕಾಣದು.

ಉಳಿದ ಎರಡು ಬಗೆಗಳೂ ಅಪರಿಚಿತವಲ್ಲ. ಭಯದಿಂದ ಏದುಸಿರು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ತೀವ್ರ ಭೇದಿಯಲ್ಲಿ, ಹತೋಟಿ ತಪ್ಪಿದ ಮಧುಮೇಹದಲ್ಲಿ ಬೈಕಾರ್ಬೊನೇಟ್ ಇಳಿದು ಆಮ್ಲದ ಕಡೆ ವಾಲುತ್ತದೆ. ಮಧುಮೇಹದಿಂದ ಪ್ರಜ್ಞೆ ತಪ್ಪಿದವರು ಆಳವಾಗಿ, ಜೋರಾಗಿ ಉಸಿರಾಡುವುದನ್ನು ಜರ್ಮನಿಯ ಕುಸ್‌ಮೌಲ್ 1874ರಲ್ಲೇ ವಿವರಿಸಿದ್ದ. ಶ್ವಾಸಕೋಶ ತನ್ನ ತಟ್ಟೆಯಿಂದ ಆಮ್ಲ ಇಳಿಸಿ ತಕ್ಕಡಿಯನ್ನು ಸರಿಮಾಡಲು ಪಡುವ ಪಾಡು ಅದು.

ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂತು. ಅದು ಒಳ್ಳೆಯ ಸಾಧನ. ಆದರೆ ಅದು ತೋರಿಸುವುದು ಆಕ್ಸಿಜನ್ ಮಾತ್ರ. ಆಕ್ಸಿಜನ್ ಕೊಡುತ್ತಿರುವ ರೋಗಿಯಲ್ಲಿ ಆ ಅಂಕಿ ಚೆನ್ನಾಗಿಯೇ ಇದ್ದು ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಿರಬಹುದು. ಬ್ಲೆಗ್ಡಮ್ ಆಸ್ಪತ್ರೆಯ ರೋಗಿಗಳು ನೀಲಿಗಟ್ಟದೆ ತೀರಿಕೊಂಡದ್ದು ಹೀಗೆಯೇ. ಐಸಿಯುವಿನಲ್ಲಿ ಪದೇ ಪದೇ ಮಣಿಕಟ್ಟಿಗೆ ಸೂಜಿ ಚುಚ್ಚುವುದನ್ನು ಕಂಡು ನೊಂದುಕೊಳ್ಳುವ ಮನೆಯವರು ಈ ಕಾರಣವನ್ನು ತಿಳಿದಿದ್ದರೆ ಒಳ್ಳೆಯದು. ಚಿಕಿತ್ಸೆಯ ನಿರ್ಧಾರ ವೈದ್ಯರದ್ದೇ. ಆದರೆ ಏನು ನೋಡುತ್ತಿದ್ದಾರೆ ಎಂದು ಕೇಳಿ ತಿಳಿಯುವ ಹಕ್ಕು ಎಲ್ಲರಿಗೂ ಇದೆ.

ತರಗತಿಗೆ ಒಂದು ಪ್ರಯೋಗ

ಒಂದು ಲೋಟ ನೀರಿಗೆ ಒಂದೆರಡು ಹನಿ ಸುಣ್ಣದ ತಿಳಿನೀರು, ಒಂದೆರಡು ಹನಿ ಫಿನಾಲ್ಫ್ಥಲೀನ್ ಹಾಕಿದರೆ ತೆಳು ಗುಲಾಬಿ ಬಣ್ಣ ಬರುತ್ತದೆ. ಸ್ಟ್ರಾ ಮೂಲಕ ಅದಕ್ಕೆ ಮೆಲ್ಲಗೆ ಊದಬೇಕು. ಹೀರಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಬೇಕು, ಶಿಕ್ಷಕರು ಹತ್ತಿರ ಇರಬೇಕು. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮಾಯವಾಗುತ್ತದೆ. ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಿನ ಕ್ಷಾರವನ್ನು ತಟಸ್ಥಗೊಳಿಸಿತು. ಈ ಉಸಿರು ಹೊರಬರದೆ ಒಳಗೇ ಉಳಿದರೆ ರಕ್ತದಲ್ಲಿ ಏನಾದೀತು ಎಂದು ಆಗ ಕೇಳಿ. ಉತ್ತರವನ್ನು ಮಕ್ಕಳೇ ಹೇಳುತ್ತಾರೆ.

ಪೋಲಿಯೋಗೆ 1955ರಲ್ಲಿ ಸಾಕ್ ಲಸಿಕೆ ಬಂತು. ಭಾರತದಲ್ಲಿ ಕೊನೆಯ ಸಹಜ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವೆಂದು ಪ್ರಮಾಣೀಕೃತವಾಯಿತು. ಆ ರೋಗ ಹೋಯಿತು, ಅದು ಕಲಿಸಿದ ಅಳತೆ ಉಳಿಯಿತು.

ಪಿಎಚ್ ಮಾಪಕ ಹುಟ್ಟಿದ ಊರಿನ ಆಸ್ಪತ್ರೆಯಲ್ಲೇ 43 ವರ್ಷಗಳ ನಂತರ ಪಿಎಚ್ ಅಳೆಯದೆ ರೋಗಿಗಳ ಸ್ಥಿತಿಯನ್ನು ತಪ್ಪಾಗಿ ತಿಳಿದರು. ವಿದ್ಯೆ ಊರಿನಲ್ಲಿ ಇದ್ದರೆ ಸಾಲದು, ಬೇಕಾದವರ ಮಂಚದ ಬಳಿಗೆ ಅದು ಬರಬೇಕು. ಮಕ್ಕಳಿಗೆ ಪಿಎಚ್ ಪಾಠ ಮಾಡುವಾಗ ಅಂಕಿಗಳ ಜೊತೆಗೆ ಇದನ್ನೂ ಹೇಳೋಣ.